ದೇವರ ಮೇಲೆ ಭಾರ

ಜ್ಯೇಷ್ಠ ಮುಗಿದು ಆಷಾಢ ಕಾಲಿಡುವ ದಿನಗಳಲ್ಲಿ ಸಂತ ತುಕಾರಾಮರ ಪಲ್ಲಕ್ಕಿ ಬಾರಾಮತಿಗೆ ಬರುತ್ತದೆ. ಪುಣೆಯ ಸಮೀಪದ ದೇಹುವಿನಿಂದ ಹೊರಟು ಯವತ, ವರವಂಡ, ಉಂಡವಡಿಗಳನ್ನು ದಾಟಿ ಬಂದ ಪಾದುಕೆಗಳು ಒಂದು ರಾತ್ರಿ ಇಲ್ಲಿ ತಂಗಿ, ಮರುದಿನ ಇಂದಾಪುರದ ದಾರಿ ಹಿಡಿಯುತ್ತವೆ. ಆ ದಾರಿಯಲ್ಲಿ ಕಾಟೇವಾಡಿ ಎಂಬ ಊರಿದೆ. ಅಲ್ಲಿ ಮಡಿವಾಳ ವೃತ್ತಿಯ ಮನೆತನದವರು ಪಲ್ಲಕ್ಕಿಯ ಹಾದಿಗೆ ಧೋತರಗಳನ್ನು ಹಾಸಿ ಸ್ವಾಗತಿಸುತ್ತಾರೆ. ಬಳಿಕ ಧನಗರ ಕುರಿಗಾಹಿಗಳು ತಮ್ಮ ಹಿಂಡುಗಳನ್ನು ತಂದು ಪಲ್ಲಕ್ಕಿಯ ಸುತ್ತ ಓಡಿಸುತ್ತಾರೆ. ಕುರಿಗಳ ರಿಂಗಣವೆಂದು ಇದಕ್ಕೆ ಹೆಸರು. ತಾಳ ಮೃದಂಗಗಳ ಸದ್ದು, ಕುರಿಗಳ ಅರಚಾಟ, ಮೇಲೇಳುವ ಧೂಳು ಇವುಗಳ ನಡುವೆ ಕೆಲವು ನಿಮಿಷ ಪಲ್ಲಕ್ಕಿಯೇ ಕಾಣದಂತಾಗುತ್ತದೆ. ಹೀಗೆ ಸುತ್ತು ಬಂದ ಹಿಂಡಿಗೆ ಆ ವರ್ಷ ರೋಗ ತಗಲುವುದಿಲ್ಲವೆಂದು ಕುರಿಗಾಹಿಗಳ ನಂಬಿಕೆ.

ಕೇಂದ್ರ ಸರ್ಕಾರದ ನೌಕರಿಯ ವರ್ಗಾವಣೆ ನಮ್ಮನ್ನು ಈ ಊರಿಗೆ ತಂದು ಕೆಲವು ವರ್ಷಗಳಾದವು. ಪ್ರತಿ ವರ್ಷವೂ ನಾವು ಕಾಟೇವಾಡಿಗೆ ಹೋಗಿ ರಸ್ತೆಯಂಚಿನಲ್ಲಿ ನಿಂತು ಈ ದೃಶ್ಯವನ್ನು ನೋಡಿದ್ದೇವೆ. ಮೊದಮೊದಲು ಅದು ನಮಗೆ ಒಂದು ಚಂದದ ನೋಟವಷ್ಟೇ ಆಗಿತ್ತು. ಈ ಸಲ ಹಾಗಿರಲಿಲ್ಲ. ಹನ್ನೆರಡನೆಯ ತರಗತಿ ಮುಗಿಸಿದ ಮಗಳು ದೂರದ ನಗರವೊಂದರ ಹಾಸ್ಟೆಲಿಗೆ ಹೊರಟು ನಿಂತಿದ್ದಳು. ಊರಿನಿಂದ ಫೋನ್ ಮಾಡಿದ ಹಿರಿಯರೆಲ್ಲ ಒಂದೇ ಮಾತು ಹೇಳುತ್ತಿದ್ದರು: ದೇವರ ಮೇಲೆ ಭಾರ ಹಾಕಿ ಕಳಿಸಿಬಿಡಿ. ಕನ್ನಡದ ಮನೆಗಳಲ್ಲಿ ದಿನಬಳಕೆಯಾಗಿ ಸವೆದಿರುವ ಈ ಮಾತಿನ ಅರ್ಥವೇನೆಂದು ನಾವು ಅದುವರೆಗೆ ಕೇಳಿಕೊಂಡಿರಲಿಲ್ಲ. ನಮಗೆ ಅತ್ಯಂತ ಪ್ರಿಯವಾದುದನ್ನು ದೇವರಿಗೆ ಒಪ್ಪಿಸುವುದೆಂದರೆ ಏನು? ಒಪ್ಪಿಸಿದ ಮೇಲೆ ನಮಗೆ ಉಳಿಯುವ ಹೊಣೆ ಯಾವುದು? ನಾವಿರುವ ಈ ಸೀಮೆಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಎಲ್ಲವೂ ಒಂದೇ ತೂಕದವಲ್ಲ.

ಮೊದಲು ಕುರಿಗಳ ವಿಷಯವನ್ನೇ ನೋಡೋಣ. ಪಲ್ಲಕ್ಕಿಯ ಮೆರವಣಿಗೆಯಲ್ಲಿ ಕುರಿಗಳಿಗೇನು ಕೆಲಸವೆಂದು ಹೊಸಬರಿಗೆ ಅನಿಸಬಹುದು. ಪಂಢರಪುರದ ವಿಠ್ಠಲನ ಮೂಲವನ್ನು ಅರಸಿದ ಮರಾಠಿ ವಿದ್ವಾಂಸ ರಾ. ಚಿಂ. ಢೇರೆ ಅವರು 1984ರಲ್ಲಿ ಪ್ರಕಟಿಸಿದ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಎಂಬ ಗ್ರಂಥದಲ್ಲಿ, ಈ ದೇವರು ಮೊದಲಿಗೆ ದನ ಕುರಿ ಕಾಯುವವರ ದೇವರಾಗಿದ್ದನೆಂದೂ, ಕಾಲಕ್ರಮದಲ್ಲಿ ವಿಷ್ಣು ಕೃಷ್ಣರೊಡನೆ ಬೆರೆತನೆಂದೂ ವಾದಿಸಿದ್ದಾರೆ. ಗೊಲ್ಲ, ಕುರುಬ, ಧನಗರ ಸಮುದಾಯಗಳ ಆಚರಣೆಗಳನ್ನು ಅವರು ಇದಕ್ಕೆ ಆಧಾರವಾಗಿ ಒದಗಿಸುತ್ತಾರೆ. ಆ ವಾದವನ್ನು ಒಪ್ಪಿದರೆ ಕಾಟೇವಾಡಿಯ ಕುರಿಗಳು ಪಲ್ಲಕ್ಕಿಗೆ ಹೊರಗಿನವಲ್ಲ. ಅವು ತಮ್ಮ ಹಳೆಯ ಒಡೆಯನನ್ನೇ ಸುತ್ತುತ್ತಿವೆ.

ಈ ದೇವರು ಕನ್ನಡಿಗರಿಗೂ ಹೊರಗಿನವನಲ್ಲ. ಜ್ಞಾನೇಶ್ವರರ ಹೆಸರಿನಲ್ಲಿರುವ ಅಭಂಗವೊಂದು ವಿಠ್ಠಲನನ್ನು ಕನ್ನಡದವನೆಂದೇ ಕರೆಯುತ್ತದೆ. ಹೊಯ್ಸಳ ಸೋಮೇಶ್ವರನ ಕಾಲದ, 1237ರ ಶಾಸನವೊಂದು ಪಂಢರಪುರದ ದೇವಾಲಯದಲ್ಲಿದೆ. ಅದರ ಭಾಷೆ ಸಂಸ್ಕೃತ ಮತ್ತು ಕನ್ನಡ. ಪುರಂದರದಾಸರೂ ಸೇರಿದಂತೆ ಹರಿದಾಸರ ಅಂಕಿತಗಳಲ್ಲಿ ವಿಠ್ಠಲನ ಹೆಸರು ಮತ್ತೆ ಮತ್ತೆ ಬರುವುದು ನಮಗೆಲ್ಲ ಗೊತ್ತೇ ಇದೆ. ಕನ್ನಡದ ಎಲ್ಲೆ ಒಂದು ಕಾಲಕ್ಕೆ ಗೋದಾವರಿಯವರೆಗೆ ಚಾಚಿತ್ತೆಂಬ ಕವಿರಾಜಮಾರ್ಗದ ಹೇಳಿಕೆಯನ್ನು ಹಿಡಿದು ಶಂ. ಬಾ. ಜೋಶಿಯವರು 1933ರಲ್ಲಿ ‘ಕಣ್ಮರೆಯಾದ ಕನ್ನಡ’ ಬರೆದರು. ಬಾರಾಮತಿ ಗೋದಾವರಿಗಿಂತ ಎಷ್ಟೋ ದಕ್ಷಿಣಕ್ಕಿದೆ. ಹೊರನಾಡೆಂದು ನಾವು ಕರೆಯುವ ಈ ನೆಲದಲ್ಲಿ ದೇವರ ಮೇಲೆ ಭಾರ ಹಾಕಿದವರ ಕಥೆಗಳನ್ನು ಹುಡುಕುವುದೆಂದರೆ ಬಂಧುಗಳ ಮನೆಯ ಹಳೆಯ ಪೆಟ್ಟಿಗೆ ತೆರೆದಂತೆ.

ಪಲ್ಲಕ್ಕಿ ಯಾರದೋ ಅವರಿಂದಲೇ ಆರಂಭಿಸಬೇಕು. ತುಕಾರಾಮರು ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ದೇಹುವಿನಲ್ಲಿ ಬಾಳಿದವರು. ವ್ಯಾಪಾರದ ಮನೆತನ, ಮನೆದೇವರು ವಿಠ್ಠಲ. 1630ರ ಸುಮಾರಿಗೆ ದಖನ್ನನ್ನು ಕಾಡಿದ ಭೀಕರ ಕ್ಷಾಮದಲ್ಲಿ ಅವರ ವ್ಯಾಪಾರ ಮುಳುಗಿತು. ಮೊದಲ ಹೆಂಡತಿ ಅನ್ನವಿಲ್ಲದೆ ತೀರಿಕೊಂಡಳು. ಮಗನೊಬ್ಬನೂ ಹೋದ. ಈ ದುಃಖವನ್ನು ಅವರು ತಮ್ಮ ಅಭಂಗಗಳಲ್ಲಿ ಮುಚ್ಚಿಡಲಿಲ್ಲ. ಅವರ ಭಕ್ತಿ ಎಲ್ಲ ಇದ್ದವನ ನೆಮ್ಮದಿಯ ಭಕ್ತಿಯಲ್ಲ. ದೇವರು ಕಾಪಾಡುತ್ತಾನೆಂಬ ಮಾತನ್ನು ಹೆಂಡತಿ ಮಗನನ್ನು ಕಳೆದುಕೊಂಡ ಮನುಷ್ಯ ಹೇಳುವಾಗ ಅದರ ಅರ್ಥವೇ ಬೇರೆ.

ಎಲ್ಲ ಹೋದ ಮೇಲೆ ಅವರಿಗೆ ಉಳಿದ ಪ್ರಿಯವಸ್ತು ಒಂದೇ. ಅದು ಅವರ ಕವಿತೆಗಳು. ಶೂದ್ರನೊಬ್ಬ ಧರ್ಮದ ಮಾತನ್ನು ಮರಾಠಿಯಲ್ಲಿ ಹಾಡುವುದನ್ನು ರಾಮೇಶ್ವರ ಭಟ್ಟರು ಆಕ್ಷೇಪಿಸಿದರು. ಆ ಒತ್ತಾಯಕ್ಕೆ ತುಕಾರಾಮರ ಹಸ್ತಪ್ರತಿಗಳು ಇಂದ್ರಾಯಣಿ ನದಿಯ ಪಾಲಾದವು. ಅವರು ಹೊಳೆಯ ದಂಡೆಯಲ್ಲಿ ಹದಿಮೂರು ದಿನ ಅನ್ನನೀರು ಬಿಟ್ಟು ಕುಳಿತರೆಂದೂ, ಕಟ್ಟುಗಳು ನೆನೆಯದೆ ಮೇಲೆ ತೇಲಿ ಬಂದವೆಂದೂ ಪರಂಪರೆ ಹೇಳುತ್ತದೆ. 1936ರ ಪ್ರಭಾತ್ ಕಂಪನಿಯ ‘ಸಂತ ತುಕಾರಾಮ’ ಚಿತ್ರವನ್ನು ಕಂಡವರ ಕಣ್ಣಲ್ಲಿ ಆ ಪ್ರಸಂಗ ಇಂದಿಗೂ ಉಳಿದಿದೆ.

ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಪವಾಡದ ಮೇಲೆಯೇ ಗಮನ ಇಡುತ್ತೇವೆ. ಅದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಆ ಹದಿಮೂರು ದಿನಗಳ ಬಗ್ಗೆ. ಕವಿತೆಗಳನ್ನು ಹೊಳೆಗೆ ಹಾಕಿ, ದೇವರಿಚ್ಛೆ ಎಂದುಕೊಂಡು ತುಕಾರಾಮರು ಮನೆಗೆ ಹೋಗಿ ಮಲಗಬಹುದಿತ್ತು. ಹಾಗೆ ಮಾಡಲಿಲ್ಲ. ದಂಡೆಯಲ್ಲೇ ಕುಳಿತರು, ದೇವರೊಡನೆ ಜಗಳವಾಡಿದರು, ಅವನ ಮಾನವನ್ನೇ ಪಣಕ್ಕಿಟ್ಟು ಕೇಳಿದರು. ಭಾರ ಹಾಕಿದವನು ಭಾರದ ಪಕ್ಕದಿಂದ ಏಳಲಿಲ್ಲ. ಒಪ್ಪಿಸುವುದಕ್ಕೂ ಕೈಬಿಡುವುದಕ್ಕೂ ಇರುವ ಅಂತರ ನಮಗೆ ಮೊದಲು ಕಂಡದ್ದು ಇಲ್ಲಿ.

ಕವಿತೆಗಳು ಹೇಗೆ ಉಳಿದವೆಂಬ ಪ್ರಶ್ನೆಗೆ ಪವಾಡವನ್ನು ನಂಬದವರೂ ಒಂದು ಉತ್ತರ ಕೊಡುತ್ತಾರೆ. ಕೀರ್ತನೆಯಲ್ಲಿ ಕೇಳಿದ ಜನರು ಅಭಂಗಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು, ಆದ್ದರಿಂದ ಕಾಗದ ಮುಳುಗಿದರೂ ಹಾಡು ಮುಳುಗಲಿಲ್ಲ ಎಂದು. ತುಕಾರಾಮರ ಮಾತುಗಳನ್ನು ಬರೆದಿಟ್ಟವರಲ್ಲಿ ಗಾಣದ ಕಸುಬಿನ ಸಂತಾಜಿ ಜಗನಾಡೆಯವರ ಹೆಸರನ್ನು ವಾರ್ಕರಿಗಳು ಕೃತಜ್ಞತೆಯಿಂದ ನೆನೆಯುತ್ತಾರೆ. ತುಕಾರಾಮರನ್ನು ಗುರುವಾಗಿ ಸ್ವೀಕರಿಸಿ ದೇಹುವಿಗೆ ಬಂದ ಬ್ರಾಹ್ಮಣ ಸ್ತ್ರೀ ಬಹಿಣಾಬಾಯಿ, ಹೊಳೆಯ ಪ್ರಸಂಗವನ್ನು ತನ್ನ ಆತ್ಮಕಥನದ ಅಭಂಗಗಳಲ್ಲಿ ಪ್ರಸ್ತಾಪಿಸಿದ್ದಾಳೆ. ಎದುರಾಳಿಯಾಗಿದ್ದ ರಾಮೇಶ್ವರ ಭಟ್ಟರೇ ಮುಂದೆ ಅವರ ಶಿಷ್ಯರಾದರೆಂದು ಪರಂಪರೆ ಹೇಳುತ್ತದೆ. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಪಂಢರಪುರಕ್ಕೆ ಒಯ್ಯುವ ಪದ್ಧತಿ ಆರಂಭಿಸಿದರು. ದೇವರು ಕಾಪಾಡಿದನೆಂದು ಭಕ್ತರು ಹೇಳುತ್ತಾರೆ. ಜನರು ಕಾಪಾಡಿದರೆಂದು ಚರಿತ್ರೆ ಹೇಳುತ್ತದೆ. ಈ ಎರಡು ಮಾತುಗಳು ಒಂದನ್ನೊಂದು ಅಲ್ಲಗಳೆಯಬೇಕಾಗಿಲ್ಲ.

ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ಈ ದೇವರನ್ನೇ ಜನರು ಕಾಪಾಡಬೇಕಾದ ಕಾಲಗಳಿದ್ದವು. ಕೃಷ್ಣದೇವರಾಯನು ಪಂಢರಪುರದ ಮೂರ್ತಿಯನ್ನು ಹಂಪೆಗೆ ಒಯ್ದನೆಂದೂ, ಏಕನಾಥರ ಪೂರ್ವಜರಾದ ಭಾನುದಾಸರು ಹೋಗಿ ಅದನ್ನು ಮರಳಿ ತಂದರೆಂದೂ ಮರಾಠಿ ಸಂತಚರಿತ್ರೆಗಳಲ್ಲಿ ಕಥೆಯಿದೆ. ಹಂಪೆಯ ವಿಜಯವಿಠ್ಠಲ ದೇವಾಲಯದಲ್ಲಿ ಗರ್ಭಗುಡಿ ಬರಿದಾಗಿರುವುದನ್ನು ಕಂಡ ನಮಗೆ ಆ ಕಥೆ ಬೇರೆಯದೇ ರೀತಿಯಲ್ಲಿ ಕೇಳಿಸುತ್ತದೆ. 1659ರಲ್ಲಿ ಅಫಜಲ್ ಖಾನನ ಸೇನೆ ಬರುವಾಗ ಅರ್ಚಕರು ಮೂರ್ತಿಯನ್ನು ಬಚ್ಚಿಟ್ಟರೆಂಬ ಹೇಳಿಕೆಯೂ ಇದೆ. ತಮಗೆ ಅತ್ಯಂತ ಪ್ರಿಯವಾದುದನ್ನು ದೇವರಿಗೆ ಒಪ್ಪಿಸಿದ ಜನ, ದೇವರೇ ಅತ್ಯಂತ ಪ್ರಿಯನಾದಾಗ ಅವನನ್ನು ಒಬ್ಬರು ಇನ್ನೊಬ್ಬರ ಕೈಗೆ ಒಪ್ಪಿಸಿ ಕಾದುಕೊಂಡರು. ಅವರ ನಂಬಿಕೆ ಕೈಕಟ್ಟಿ ಕೂರುವ ನಂಬಿಕೆಯಾಗಿರಲಿಲ್ಲ.

ಬಾರಾಮತಿಯದೇ ಆದ ಉತ್ತರವೊಂದಿದೆ. ಕರ್ಹಾ ನದಿಯ ದಂಡೆಯ ಈ ಊರು ಪೇಶ್ವೆಯರ ಕಾಲದಲ್ಲಿ ಜೋಶಿ ಮನೆತನದ ನಾಯಕರ ಊರಾಗಿತ್ತು. ಅವರು ಸಾಹುಕಾರರು. ಮೊದಲ ಬಾಜೀರಾಯನಿಗೆ ಸಾಲ ಕೊಟ್ಟವರು, ಅವನ ತಂಗಿಯನ್ನು ಮನೆಗೆ ತಂದುಕೊಂಡು ಬೀಗರಾದವರು. 1740ರಲ್ಲಿ ಬಾಜೀರಾಯ ತೀರಿಕೊಂಡಾಗ ಈ ಮನೆತನದ ಬಾಬೂಜಿ ನಾಯಕನೇ ಪೇಶ್ವೆಯಾಗಲೆಂದು ನಾಗಪುರದ ರಘೂಜಿ ಭೋಂಸಲೆ ಪ್ರಯತ್ನಿಸಿ ಸೋತದ್ದುಂಟು. ಈ ನಾಯಕರ ಆಶ್ರಯಕ್ಕೆ ಪನ್ಹಾಳದಿಂದ ಬಂದ ಕವಿ ಮೋರೋಪಂತ. ಹುಟ್ಟಿದ್ದು 1729ರಲ್ಲಿ, ತೀರಿಕೊಂಡದ್ದು 1794ರಲ್ಲಿ. ನಾಯಕರ ಮನೆಯಲ್ಲಿ ಪುರಾಣ ಹೇಳುತ್ತ, ಇಡೀ ಮಹಾಭಾರತವನ್ನು ಮರಾಠಿ ಆರ್ಯಾ ವೃತ್ತಕ್ಕೆ ತಂದ. ರಾಮಾಯಣವನ್ನು ಹಲವು ಚಮತ್ಕಾರಗಳಲ್ಲಿ ಮತ್ತೆ ಮತ್ತೆ ಬರೆದ. ಅವನು ಜೀವನ ಕಳೆದ ಮನೆ ಇರುವ ಊರು ಇದೆಂದು ಇಲ್ಲಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಪಾಂಡಿತ್ಯದ ಈ ಕವಿ ಬಾಳಿನ ಕೊನೆಗಾಲದಲ್ಲಿ ಬರೆದದ್ದು ‘ಕೇಕಾವಲಿ’. ಕೇಕೆ ಎಂದರೆ ನವಿಲಿನ ಕೂಗು. ಮೋರ ಎಂದರೆ ಮರಾಠಿಯಲ್ಲಿ ನವಿಲು, ಕವಿಯ ಅಂಕಿತವೂ ಮಯೂರ. ಮೋಡವನ್ನು ಕಂಡು ನವಿಲು ಕೂಗುವಂತೆ ಮೇಘಶ್ಯಾಮನಾದ ದೇವರನ್ನು ಕಂಡು ತಾನು ಕೂಗುತ್ತಿದ್ದೇನೆಂಬ ಭಾವ ಅದರಲ್ಲಿದೆ. ಬಾರಾಮತಿಯ ಒಣಭೂಮಿಯಲ್ಲಿ ಬದುಕುವವರಿಗೆ ಈ ರೂಪಕದ ತೂಕ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ನೀರಾ ಕಾಲುವೆ ಮುಟ್ಟಿದ ಕಡೆ ಕಬ್ಬು, ಮುಟ್ಟದ ಕಡೆ ಮೋಡದ ದಾರಿ ಕಾಯುವ ಹೊಲ. ‘ಕೇಕಾವಲಿ’ಯ ಕವಿ ಶಾಂತವಾಗಿ ಶರಣಾಗುವುದಿಲ್ಲ. ಅಷ್ಟು ಜನ ಪಾಪಿಗಳನ್ನು ಉದ್ಧರಿಸಿದವನು ತನ್ನನ್ನೇಕೆ ಮರೆತನೆಂದು ಕೇಳುತ್ತಾನೆ, ಹಳೆಯ ಉದಾಹರಣೆಗಳನ್ನು ಒಡ್ಡಿ ವಕೀಲನಂತೆ ವಾದಿಸುತ್ತಾನೆ, ತಪ್ಪೊಪ್ಪಿಕೊಂಡು ಅಳುತ್ತಾನೆ. ಜೀವಮಾನವೆಲ್ಲ ಇತರರ ಕಥೆ ಹೇಳಿದ ಪುರಾಣಿಕ ಕೊನೆಗೆ ತನ್ನನ್ನೇ ಒಪ್ಪಿಸಿಕೊಂಡದ್ದು ಹೀಗೆ. ತುಕಾರಾಮರಿಗೂ ಮೋರೋಪಂತನಿಗೂ ಜಾತಿಯಲ್ಲಿ, ಓದಿನಲ್ಲಿ, ಆಶ್ರಯದಲ್ಲಿ ಅಜಗಜಾಂತರ. ಆದರೂ ನಂಬುವುದೆಂದರೆ ಸುಮ್ಮನಿರುವುದಲ್ಲ ಎಂಬಲ್ಲಿ ಇಬ್ಬರೂ ಒಂದೇ.

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಬಾರಾಮತಿಯ ನೀರು ಬರುವ ದಾರಿಯಲ್ಲೇ, ಕರ್ಹಾದ ಮೇಲಿನ ಸೀಮೆಯಲ್ಲಿ, ಜೇಜುರಿ ಇದೆ. ಅಲ್ಲಿನ ಖಂಡೋಬ ನಮ್ಮ ಮೈಲಾರಲಿಂಗನೇ. ಅರಿಶಿನದ ಭಂಡಾರ ಎರಚುವವರ ಬಾಯಲ್ಲಿ ಏಳುಕೋಟಿಯ ಘೋಷ ಎರಡೂ ಕಡೆ ಒಂದೇ. ಮೈಲಾರದಲ್ಲಿ ಗೊರವರಿದ್ದರೆ ಜೇಜುರಿಯಲ್ಲಿ ವಾಘ್ಯಾ ಮುರಳಿಯರು. ಮಕ್ಕಳಿಲ್ಲದವರು, ಮಗು ಉಳಿಯದವರು, ರೋಗಕ್ಕೆ ಹೆದರಿದವರು ಹರಕೆ ಹೊತ್ತು ಮಗುವನ್ನು ಖಂಡೋಬನಿಗೆ ಬಿಡುವ ಪದ್ಧತಿ ಅಲ್ಲಿತ್ತು. ಗಂಡು ಮಗು ವಾಘ್ಯಾ ಆಗುತ್ತಿದ್ದ. ಹೆಣ್ಣು ಮಗುವಿಗೆ ದೇವರೊಡನೆ ಮದುವೆ ಮಾಡಿ ಮುರಳಿ ಎಂದು ಬಿಡುತ್ತಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಬಲ್ಲ ಕನ್ನಡಿಗರಿಗೆ ಮುಂದಿನ ಕಥೆಯನ್ನು ವಿವರಿಸಬೇಕಾಗಿಲ್ಲ. ದೇವರ ಹೆಂಡತಿಯೆಂದು ಕರೆಸಿಕೊಂಡ ಹುಡುಗಿಗೆ ಮನುಷ್ಯರ ಮದುವೆ ಇರಲಿಲ್ಲ. ಮನುಷ್ಯರ ಕಾಟ ಮಾತ್ರ ಇತ್ತು.

ಇಂಗ್ಲಿಷ್ ಎಂ.ಎ. ಓದುವಾಗ ನಾವು ಅರುಣ ಕೊಲಟಕರರ ‘ಜೇಜುರಿ’ ಕವನಗಳನ್ನು ಬೆರಗಿನಿಂದ ಓದಿದ್ದೆವು. 1976ರಲ್ಲಿ ಬಂದ ಆ ಸಂಕಲನದಲ್ಲಿ ವಾಘ್ಯಾನಿಗೂ ಮುರಳಿಗೂ ಒಂದೊಂದು ಹಾಡಿದೆ. ಅಂದು ತರಗತಿಯಲ್ಲಿ ನಾವು ಚರ್ಚಿಸಿದ್ದು ವ್ಯಂಗ್ಯ, ಸಂಶಯ, ಆಧುನಿಕತೆಗಳನ್ನು. ಆ ಮುರಳಿಯನ್ನು ಬಾಲ್ಯದಲ್ಲಿ ಯಾರೋ ತಂದೆ ತಾಯಿ ಬಿಟ್ಟುಹೋಗಿದ್ದರೆಂಬುದನ್ನು ಕುರಿತು ಯಾರೂ ಮಾತನಾಡಿದ ನೆನಪಿಲ್ಲ.

ಅತ್ಯಂತ ಪ್ರಿಯವಾದುದನ್ನು ದೇವರು ಕೇಳುವ ಕಥೆ ಹಲವು ಧರ್ಮಗಳಲ್ಲಿದೆ. ಅಬ್ರಹಾಮನು ಮಗನನ್ನು ಬಲಿ ಕೊಡಲು ಬೆಟ್ಟ ಹತ್ತಿದ ಪ್ರಸಂಗವನ್ನು ಯಹೂದ್ಯರು, ಕ್ರೈಸ್ತರು, ಮುಸ್ಲಿಮರು ತಂತಮ್ಮ ರೀತಿಯಲ್ಲಿ ನೆನೆಯುತ್ತಾರೆ. ಡೆನ್ಮಾರ್ಕಿನ ಚಿಂತಕ ಕಿರ್ಕೆಗಾರ್ಡ್ 1843ರಲ್ಲಿ ಅದೊಂದೇ ಪ್ರಸಂಗದ ಮೇಲೆ ಪುಸ್ತಕ ಬರೆದು, ಮಗ ಮರಳಿ ಸಿಗುತ್ತಾನೆಂದು ಅಬ್ರಹಾಮ ಕೊನೆಯವರೆಗೆ ನಂಬಿದ್ದೇ ಅವನ ಹಿರಿಮೆ ಎಂದ. ನಮ್ಮಲ್ಲಿ ಸಿರಿಯಾಳ ಸೆಟ್ಟಿ ಚಂಗಳೆಯರ ಕಥೆಯಿದೆ. ಜಂಗಮನಾಗಿ ಬಂದ ಶಿವನಿಗೆ ಅವರು ಮಗ ಚಿಲಾಳನನ್ನೇ ಅಡಿಗೆ ಮಾಡಿ ಬಡಿಸಿದರು. ಅಬ್ರಹಾಮನ ಕೈಯನ್ನು ದೇವರು ತಡೆದ. ಚಿಲಾಳನನ್ನು ಶಿವ ಬದುಕಿಸಿ ಕೊಟ್ಟ. ಕಥೆಗಳಲ್ಲಿ ಮಗು ಮರಳಿ ಬರುತ್ತದೆ. ಜೇಜುರಿಯಲ್ಲಿ, ಸವದತ್ತಿಯಲ್ಲಿ ಬಿಟ್ಟ ಮಗು ಮರಳಿ ಬರಲಿಲ್ಲ. ಅಲ್ಲಿ ಯಾವ ದೇವರೂ ಅಡ್ಡ ಬಂದು ಕೈ ಹಿಡಿಯಲಿಲ್ಲ.

ಕೈ ಹಿಡಿಯಲು ಬಂದವರು ಮನುಷ್ಯರು. ಅವರಲ್ಲಿ ಒಬ್ಬರನ್ನು ಕನ್ನಡಿಗರು ಇನ್ನೂ ಹೆಚ್ಚು ತಿಳಿದುಕೊಳ್ಳಬೇಕು. ವಿಠ್ಠಲ ರಾಮಜಿ ಶಿಂದೆ ಹುಟ್ಟಿದ್ದು 1873ರಲ್ಲಿ, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ. ತಂದೆ ವಾರ್ಕರಿ ಪಂಥದ ಭಕ್ತರು. ಮಗನಿಗೆ ವಿಠ್ಠಲನ ಹೆಸರು. ಪುಣೆಯಲ್ಲಿ ಓದಿ, ಪ್ರಾರ್ಥನಾ ಸಮಾಜ ಸೇರಿ, ಆಕ್ಸ್‌ಫರ್ಡಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿ ಬಂದು, 1906ರಲ್ಲಿ ಮುಂಬೈಯಲ್ಲಿ ಅಸ್ಪೃಶ್ಯರ ಶಿಕ್ಷಣಕ್ಕಾಗಿ ಸಂಸ್ಥೆ ಕಟ್ಟಿದರು. ಕನ್ನಡ ಮರಾಠಿಗಳ ಸಂಬಂಧವನ್ನು ಕುರಿತೂ ಬರೆದ ಅವರು, ಖಂಡೋಬನಿಗೆ ಹೆಣ್ಣು ಮಕ್ಕಳನ್ನು ಬಿಡುವ ಪದ್ಧತಿಯ ವಿರುದ್ಧ ಕಳೆದ ಶತಮಾನದ ಮೊದಲ ದಶಕದಲ್ಲೇ ದನಿಯೆತ್ತಿದರು. ಅವರು ನಾಸ್ತಿಕರಾಗಿರಲಿಲ್ಲ. ದೇವರನ್ನು ಆಳವಾಗಿ ನಂಬಿದ್ದರಿಂದಲೇ, ದೇವರ ಹೆಸರಿನಲ್ಲಿ ಮಗುವನ್ನು ಕಳೆದುಕೊಳ್ಳುವುದು ಅವರಿಗೆ ಸಹಿಸಲಸಾಧ್ಯವಾಗಿತ್ತು. ಮುಂಬೈ ಪ್ರಾಂತದಲ್ಲಿ ದೇವದಾಸಿಯರ ರಕ್ಷಣೆಯ ಕಾಯಿದೆ ಬಂದದ್ದು 1934ರಲ್ಲಿ. ಕರ್ನಾಟಕದ ನಿಷೇಧ ಕಾಯಿದೆ 1982ರದು, ಮಹಾರಾಷ್ಟ್ರದ ಹೊಸ ಕಾಯಿದೆ 2005ರದು. ಅಷ್ಟು ಸಲ ಕಾಯಿದೆ ಮಾಡಬೇಕಾಯಿತೆಂಬುದೇ ಪದ್ಧತಿ ಎಷ್ಟು ಹಟಮಾರಿಯಾಗಿತ್ತೆಂಬುದಕ್ಕೆ ಸಾಕ್ಷಿ.

ಹರಕೆ ಹೊತ್ತ ಆ ತಂದೆ ತಾಯಿಯರನ್ನು ದೂರದಿಂದ ನಿಂದಿಸುವುದು ಸುಲಭ. ಅವರಲ್ಲಿ ಹಲವರು ಮಗುವಿನ ಜೀವ ಉಳಿಯಲೆಂದೇ ಮೊರೆಯಿಟ್ಟವರು. ಔಷಧವಿಲ್ಲದ ಕಾಲ, ಹಸಿವಿನ ಮನೆ, ಮೇಲಿನವರ ಒತ್ತಡ, ಇವೆಲ್ಲ ಸೇರಿ ಅವರ ಕೈ ಕಟ್ಟಿಹಾಕಿದ್ದವು. ಆದರೂ ಒಂದು ಭೇದವನ್ನು ಮಾಡಲೇಬೇಕು. ತುಕಾರಾಮರು ಹೊಳೆಗೆ ಕೊಟ್ಟದ್ದು ತಮ್ಮದು. ಮೋರೋಪಂತ ಒಪ್ಪಿಸಿದ್ದು ತನ್ನನ್ನು. ಮುರಳಿಯ ತಂದೆ ತಾಯಿ ಕೊಟ್ಟದ್ದು ಇನ್ನೊಂದು ಜೀವದ ಬಾಳನ್ನು. ಅದನ್ನು ಕೊಡುವ ಹಕ್ಕು ಅವರದಾಗಿರಲಿಲ್ಲ. ಮಕ್ಕಳು ನಮಗೆ ಅತ್ಯಂತ ಪ್ರಿಯರು, ನಿಜ. ಪ್ರಿಯರೆಂಬ ಮಾತ್ರಕ್ಕೆ ನಮ್ಮ ಸೊತ್ತಲ್ಲ. ದೇವರಿಗೆ ಒಪ್ಪಿಸುವುದೆಂದರೆ ಆ ಜೀವವನ್ನು ಇನ್ನಷ್ಟು ಜೋಪಾನವಾಗಿ ಕಾಣುವುದಾಗಬೇಕು. ಅದನ್ನು ತೆತ್ತು ನಮ್ಮ ಭಯವನ್ನು ಇಳಿಸಿಕೊಳ್ಳುವುದಾಗಬಾರದು.

ಇದನ್ನು ಬರೆಯುವಾಗ ನಮಗೆ ಗೋವಿನ ಹಾಡಿನ ನೆನಪಾಗುತ್ತದೆ. ಹೊರನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ನಾವು ಮೊದಲು ಹೇಳಿಕೊಡುವ ಕಥೆ ಅದು. ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ಹೋಗುವ ಪುಣ್ಯಕೋಟಿ, ಕರುವನ್ನು ದೇವರು ನೋಡಿಕೊಳ್ಳಲಿ ಎಂದು ಹೇಳಿ ಹೊರಟುಬಿಡುವುದಿಲ್ಲ. ದೊಡ್ಡಿಯಲ್ಲಿದ್ದ ಉಳಿದ ಹಸುಗಳ ಬಳಿಗೆ ಹೋಗಿ, ಅವರನ್ನು ಅಕ್ಕ ತಂಗಿ ತಾಯಿಯರೆಂದು ಕರೆದು, ತಬ್ಬಲಿಯಾಗಲಿರುವ ಕರುವನ್ನು ನಿಮ್ಮದೆಂದು ಕಾಣಿರೆಂದು ಬೇಡಿಕೊಳ್ಳುತ್ತದೆ. ಒದೆಯಬೇಡಿ, ಹಾಯಬೇಡಿ ಎಂದು ಸಣ್ಣ ಸಣ್ಣ ಸಂಗತಿಗಳನ್ನೂ ಹೇಳುತ್ತದೆ. ಸತ್ಯವನ್ನು ನಂಬಿ ಸಾವಿಗೆ ಹೊರಟವಳಿಗೂ ಆ ವಿವರಗಳು ಚಿಕ್ಕವಾಗಿ ತೋರಲಿಲ್ಲ.

ವಾರಿಯ ದಾರಿಯಲ್ಲಿ ಎಲ್ಲರೂ ಎಲ್ಲರನ್ನೂ ಮಾವುಲಿ ಎಂದು ಕರೆಯುತ್ತಾರೆ. ಮಾವುಲಿ ಎಂದರೆ ತಾಯಿ. ವಿಠ್ಠಲನೂ ಮಾವುಲಿ, ಜ್ಞಾನೇಶ್ವರರೂ ಮಾವುಲಿ, ನೀರು ಕೊಡುವವಳೂ ಮಾವುಲಿ, ಕಾಲು ತುಳಿದವನೂ ಮಾವುಲಿ. ಮನೆಮಠ ಬಿಟ್ಟು ಮೂರು ವಾರ ನಡೆಯುವವರು ಹೊಲವನ್ನು ಅಣ್ಣತಮ್ಮಂದಿರಿಗೆ, ಹಸುವನ್ನು ನೆರೆಮನೆಗೆ, ಮಕ್ಕಳನ್ನು ಅಜ್ಜಿಗೆ ಒಪ್ಪಿಸಿ ಬಂದಿರುತ್ತಾರೆ. ವಿಠ್ಠಲ ನೋಡಿಕೊಳ್ಳುತ್ತಾನೆಂದು ಅವರು ಹೇಳುವ ಮಾತಿನೊಳಗೆ ಈ ಎಲ್ಲ ಜನರೂ ಇದ್ದಾರೆ.

ಈ ವರ್ಷ ಕಾಟೇವಾಡಿಯಲ್ಲಿ ರಿಂಗಣ ಮುಗಿದ ಮೇಲೆ, ಬೇವಿನ ನೆರಳಲ್ಲಿ ಹಿಂಡನ್ನು ನಿಲ್ಲಿಸಿಕೊಂಡಿದ್ದ ಮುದುಕರೊಬ್ಬರ ಬಳಿ ನಾವು ಹೋದೆವು. ಕೆಂಪು ಮುಂಡಾಸು, ಹೆಗಲ ಮೇಲೆ ಕಂಬಳಿ. ಬೇಸಗೆಯಲ್ಲಿ ಅಲೆದಾಟ ಮುಗಿಸಿ ಹಿಂಡಿನೊಡನೆ ಊರಿಗೆ ಬಂದಿದ್ದರು. ‘ಬಾಬಾ, ಇನ್ನು ವರ್ಷವಿಡೀ ಚಿಂತೆಯಿಲ್ಲ ಅಲ್ಲವೇ?’ ಎಂದು ನಮ್ಮ ಹರಕು ಮರಾಠಿಯಲ್ಲಿ ಕೇಳಿದೆವು. ಅವರು ನಮ್ಮನ್ನು ಒಂದು ಕ್ಷಣ ನೋಡಿದರು. ‘ಮಳೆಗಾಲದ ರೋಗಕ್ಕೆ ಸೂಜಿ ಹಾಕಿಸಿ ಹದಿನೈದು ದಿನ ಆಯಿತು ಸಾಹೇಬ,’ ಎಂದರು. ‘ಮಾವುಲಿಯ ಸುತ್ತ ತಿರುಗಿಸಿದ್ದೂ ಆಯಿತು. ರಾತ್ರಿ ತೋಳ ಬಂದರೆ ಏಳಬೇಕಾದವನು ನಾನೇ.’ ಅಷ್ಟು ಹೇಳಿ ಕುಂಟುತ್ತಿದ್ದ ಮರಿಯೊಂದನ್ನು ಎತ್ತಿ ಅದರ ಗೊರಸಿನಲ್ಲಿ ಮುಳ್ಳು ಹುಡುಕತೊಡಗಿದರು. ಸೂಜಿಗೂ ಸುತ್ತಿಗೂ ನಡುವೆ ಅವರಿಗೆ ಯಾವ ವಿರೋಧವೂ ಕಂಡಿರಲಿಲ್ಲ. ವಿರೋಧ ಹುಡುಕಲು ಹೋದವರು ನಾವು.

ವಾರದ ಬಳಿಕ ಮಗಳು ಹೊರಟಳು. ಪಲ್ಲಕ್ಕಿ ಅಷ್ಟರಲ್ಲಿ ಪಂಢರಪುರದ ಹತ್ತಿರವಿತ್ತು. ಮನೆದೇವರ ಮುಂದೆ ದೀಪ ಹಚ್ಚಿ, ಅವಳ ಹಣೆಗೆ ಕುಂಕುಮವಿಟ್ಟು, ಭಾರ ನಿನ್ನದೆಂದು ದೇವರಿಗೆ ಹೇಳಿದೆವು. ಆಮೇಲೆ ಆ ನಗರದಲ್ಲಿರುವ ಕನ್ನಡ ಸಂಘದ ಹಿರಿಯರೊಬ್ಬರಿಗೆ ಫೋನ್ ಮಾಡಿ, ಹಾಸ್ಟೆಲಿನ ವಿಳಾಸ ಕೊಟ್ಟು, ಭಾನುವಾರ ಒಮ್ಮೆ ಊಟಕ್ಕೆ ಕರೆಯಬಹುದೇ ಎಂದು ಸಂಕೋಚದಿಂದ ಕೇಳಿದೆವು. ಅವರು ನಕ್ಕು, ‘ಇದನ್ನು ಕೇಳಬೇಕೇನ್ರೀ, ನಮ್ಮ ಮನೆಯ ಹುಡುಗಿ ಅಲ್ಲವೇ’ ಎಂದರು. ರೈಲು ಹೊರಟ ಮೇಲೆ, ಮೊದಲ ಭಾನುವಾರದವರೆಗೆ ಎಷ್ಟು ದಿನಗಳಿವೆಯೆಂದು ನಾವು ಬೆರಳು ಮಡಿಸಿ ಎಣಿಸುತ್ತ ಮನೆಗೆ ಬಂದೆವು.